ಗೂಡಿನ ದುಡ್ಡು, ಓದಿನ ದುಡ್ಡು: ಶಿಡ್ಲಘಟ್ಟದ ಒಂದು ದತ್ತಿಯ ಪ್ರಕರಣ ಅಧ್ಯಯನ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕ ನಡೆಸಿ ಬದುಕಿದ ಮಹಿಳೆಯೊಬ್ಬರು ತಮ್ಮ ಸ್ವಯಾರ್ಜಿತದ ಒಂದು ಪಾಲನ್ನು ವಾಣಿಜ್ಯ ಮತ್ತು ವ್ಯವಹಾರ ನಿರ್ವಹಣೆ ಓದುವ ಮಕ್ಕಳ ವಿದ್ಯಾರ್ಥಿವೇತನಕ್ಕೆಂದು ಉಯಿಲಿನಲ್ಲಿ ಬರೆದಿಟ್ಟು ತೀರಿಕೊಂಡರು. ಆ ದತ್ತಿಯ ಮೂವರು ಟ್ರಸ್ಟಿಗಳಲ್ಲಿ ನಾನೂ ಒಬ್ಬ. ಉಳಿದ ಇಬ್ಬರು ಅವರ ಮಗಳು ಮತ್ತು ಅವರ ಜೊತೆಗೇ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುತ್ತಿದ್ದ ಒಬ್ಬ ಹಿರಿಯ ರೀಲರ್, ಎಂದರೆ ಗೂಡಿನಿಂದ ನೂಲು ಬಿಚ್ಚಿಸುವವರು. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದವನು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ದತ್ತಿ ನಡೆದ ಬಗೆಯನ್ನು, ಅದರಲ್ಲಿ ನಾವು ಎಡವಿದ್ದನ್ನೂ ಸೇರಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ. ಮನೆಯವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ, ಮೊತ್ತಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಾಗಿಸಿದ್ದೇನೆ. ನೂಲು ಬಿಚ್ಚುವ ಘಟಕಕ್ಕೆ ಫಿಲೇಚರ್ ಎನ್ನುತ್ತಾರೆ; ಊರಿನವರು ದತ್ತಿ ಇಟ್ಟ ಆ ಮಹಿಳೆಯನ್ನು ‘ಫಿಲೇಚರ್ ಅಮ್ಮ’ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಉಯಿಲಿನಲ್ಲಿ ಅವರು ಮೂರು ಷರತ್ತು ಹಾಕಿದ್ದರು. ಮೊದಲನೆಯದು, ಗೌರಿ ಹಬ್ಬಕ್ಕೆ ಮೊದಲು ದುಡ್ಡು ಮಗುವಿನ ಕೈ ಸೇರಬೇಕು. ಎರಡನೆಯದು, ಮೂಲಧನವನ್ನು ಬ್ಯಾಂಕ್ ಠೇವಣಿಯಲ್ಲಲ್ಲದೆ ಬೇರೆಲ್ಲೂ ಇಡಕೂಡದು. ಮೂರನೆಯದು, ಅರ್ಜಿ ಹಾಕುವ ಮಗು ತನ್ನ ಮನೆಯ ಒಂದು ತಿಂಗಳ ಜಮಾ-ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ತರಬೇಕು, ಆಯ್ಕೆಯಾದ ಮೇಲೆ ಬೇಸಿಗೆ ರಜೆಯಲ್ಲಿ ಊರಿನ ಯಾವುದಾದರೂ ಸಣ್ಣ ವ್ಯಾಪಾರದ ಲೆಕ್ಕವನ್ನು ಒಂದು ತಿಂಗಳು ಬರೆಯಬೇಕು. ಮೊದಲ ಮತ್ತು ಮೂರನೆಯ ಷರತ್ತು ದತ್ತಿಯನ್ನು ಬದುಕಿಸಿದವು ಎಂದೂ ಎರಡನೆಯದು ಅದನ್ನು ಕುಗ್ಗಿಸಿತು ಎಂದೂ ನಾವು ಬಹಳ ಕಾಲ ನಂಬಿದ್ದೆವು. ಆ ನಂಬಿಕೆ ಸರಿಯಾಗಿರಲಿಲ್ಲ.

ಷರತ್ತುಗಳ ಹಿಂದಿನ ವ್ಯಾಪಾರ

ಈ ಮೂರು ಮಾತುಗಳು ಎಲ್ಲಿಂದ ಬಂದವು ಎಂದು ತಿಳಿಯಲು ನೂಲು ಬಿಚ್ಚುವವರ ಹಣಕಾಸನ್ನು ಸ್ವಲ್ಪ ನೋಡಬೇಕು. 1959ರ ಕರ್ನಾಟಕದ ರೇಷ್ಮೆ ಕಾಯ್ದೆಯ ಪ್ರಕಾರ ಗೂಡಿನ ಮಾರಾಟ ಸರ್ಕಾರಿ ಮಾರುಕಟ್ಟೆಯಲ್ಲಿ, ಲೈಸೆನ್ಸ್ ಇರುವ ರೀಲರ್‌ಗಳಿಗೆ ಆಗಬೇಕು. ಬೆಳಗಿನ ಹರಾಜಿನಲ್ಲಿ ಲಾಟು ಹಿಡಿದವರು ರೈತರಿಗೆ ಹಣ ಕೊಟ್ಟು ಗೂಡು ಎತ್ತಬೇಕು. ಆ ಗೂಡು ಬೆಂದು, ನೂಲಾಗಿ, ಒಣಗಿ, ಮಾರಾಟವಾಗಿ ದುಡ್ಡು ಕೈಗೆ ಬರುವುದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಕೊಡುವುದು ಇವತ್ತು, ಬರುವುದು ಯಾವತ್ತೋ. ಈ ನಡುವಿನ ಅವಧಿಯನ್ನು ದಾಟಲು ಬಂಡವಾಳ ಇಲ್ಲದವರು ಬಡ್ಡಿಗೆ ಬೀಳುತ್ತಾರೆ.

ಗಂಡ ತೀರಿಕೊಂಡಾಗ ಅಮ್ಮನ ಪಾಲಿಗೆ ಉಳಿದದ್ದು ನಾಲ್ಕು ಚರಕ, ಒಂದು ತಗಡಿನ ಶೆಡ್ಡು ಮತ್ತು ಎಷ್ಟೆಂದು ಯಾರಿಗೂ ಗೊತ್ತಿಲ್ಲದ ಸಾಲ. ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಗೂಡು ಮಾರುಕಟ್ಟೆಯ ಹಜಾರಕ್ಕೆ ಕಾಲಿಟ್ಟಾಗ ಅಲ್ಲಿ ಗೂಡು ತಂದ ರೈತ ಹೆಂಗಸರಿದ್ದರು, ಕೊಳ್ಳುವ ಸಾಲಿನಲ್ಲಿ ಮಾತ್ರ ಅವರೊಬ್ಬರೇ. ಒಂದು ಹಿಡಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಿನಿಂದ ಒತ್ತಿ, ಈ ಲಾಟಿನ ರೆಂಡಿಟ್ಟಾ ಎಷ್ಟು, ಎಂದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು, ಎಂದು ಹೇಳುವುದನ್ನು ಅವರು ಅಲ್ಲೇ ನಿಂತು ಕಲಿತರು. ಒಳ್ಳೆಯ ದ್ವಿತಳಿ ಗೂಡಾದರೆ ಆರೂವರೆ ಕಿಲೋ, ಮಿಶ್ರತಳಿಯಾದರೆ ಏಳರಿಂದ ಎಂಟು ಕಿಲೋ. ಅರ್ಧ ಕಿಲೋ ಅಂದಾಜು ತಪ್ಪಿದರೆ ಆ ದಿನದ ಲಾಭ ಹೋಯಿತು.

ಕಲಿಯದೆ ಉಳಿದದ್ದು ಖಾತೆ ಪುಸ್ತಕ. ಗುಮಾಸ್ತ ಬರೆದದ್ದೇ ಲೆಕ್ಕ, ಸಾಲ ಕೊಟ್ಟವನು ಹೇಳಿದ್ದೇ ಬಾಕಿ. ನಾಲ್ಕು ವರ್ಷ ಕಟ್ಟಿದ ಒಂದು ಸಾಲ ಅಸಲಿಗೆ ಕಳೆಯದೆ ಬಡ್ಡಿಗೇ ಹೋಗಿತ್ತೆಂದು ಅವರಿಗೆ ಗೊತ್ತಾದದ್ದು ಪಕ್ಕದ ಮನೆಯ ಬಿಕಾಂ ಓದುವ ಹುಡುಗಿಯೊಬ್ಬಳು ಪುಸ್ತಕ ನೋಡಿ ಹೇಳಿದಾಗ. ಆ ಹುಡುಗಿ ಮುಂದಿನ ವರ್ಷ ಫೀಸು ಕಟ್ಟಲಾಗದೆ ಕಾಲೇಜು ಬಿಟ್ಟಳು. ಈ ಎರಡು ಸಂಗತಿಗಳನ್ನು ಅವರು ನನ್ನ ಮುಂದೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ, ಮತ್ತು ಯಾವಾಗಲೂ ಒಟ್ಟಿಗೇ ಹೇಳುತ್ತಿದ್ದರು. “ಡಾಕ್ಟರು, ಇಂಜಿನಿಯರು ಓದೋ ಮಕ್ಕಳಿಗೆ ಕೊಡೋರು ಇದಾರೆ ಮೇಷ್ಟ್ರೇ. ಲೆಕ್ಕ ಓದೋರಿಗೆ ಯಾರಿದಾರೆ?” ಎಂಬುದು ಅವರ ಪ್ರಶ್ನೆ. ನಮ್ಮ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಬಿಕಾಂ ತರಗತಿಯೇ ತುಂಬಿ ತುಳುಕುವುದನ್ನು ಕಂಡಿದ್ದ ನನಗೆ ಉತ್ತರ ಹೊಳೆಯಲಿಲ್ಲ.

ಎರಡನೆಯ ಷರತ್ತಿನ ಮೂಲ 2011. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಗೂಡಿನ ದರ ಕುಸಿದು ರೈತರು ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ಹಳೆಯ ದರಕ್ಕೆ ಗೂಡು ಕೊಂಡು ನೂಲು ದಾಸ್ತಾನಿಟ್ಟಿದ್ದ ರೀಲರ್‌ಗಳ ಕಥೆ ಅಷ್ಟಾಗಿ ಸುದ್ದಿಯಾಗಲಿಲ್ಲ. ಅಮ್ಮನ ಕೋಣೆಯಲ್ಲಿದ್ದ ನೂಲು ಕೆಲವೇ ವಾರಗಳಲ್ಲಿ ಕೊಂಡ ಗೂಡಿನ ಬೆಲೆಗಿಂತ ಕೆಳಗೆ ಬಿತ್ತು. ಅವರನ್ನು ಉಳಿಸಿದ್ದು ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿದ್ದ ಠೇವಣಿ. ಮಕ್ಕಳ ದುಡ್ಡನ್ನು ಏರಿಳಿಯುವ ಯಾವುದರಲ್ಲೂ ಇಡಬಾರದೆಂದು ಅವರು ಉಯಿಲಿನಲ್ಲಿ ಒತ್ತಿ ಬರೆಸಿದ್ದು ಈ ಕಾರಣಕ್ಕೆ.

ಉಯಿಲು ಮತ್ತು ಅದರ ಮಾತುಗಳು

ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ, ಕಾನೂನು ಬೇಡುವಂತೆಯೇ ಉಯಿಲು ಆಗಿತ್ತು. ಆದರೂ ಮಗನಿಗೆ ಅಸಮಾಧಾನವಿತ್ತು; ಮನೆಯ ವ್ಯಾಪಾರದ ದುಡ್ಡನ್ನು ಅಮ್ಮ ಹೊರಗೆ ಹೇಗೆ ಕೊಟ್ಟರು ಎಂದು ಅವರು ಕೇಳಿದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಹಿಂದೂ ಮಹಿಳೆಯ ಸ್ವತ್ತಿಗೆ ಆಕೆಯನ್ನೇ ಪೂರ್ಣ ಒಡತಿಯನ್ನಾಗಿಸುತ್ತದೆ, 30ನೇ ಕಲಂ ಅದನ್ನು ಉಯಿಲಿನ ಮೂಲಕ ಬೇಕಾದವರಿಗೆ ಬರೆಯಲು ಅವಕಾಶ ಕೊಡುತ್ತದೆ ಎಂದು ವಕೀಲರು ವಿವರಿಸಿದ ಮೇಲೆ ಮಾತು ಅಲ್ಲಿಗೆ ನಿಂತಿತು. ಲೈಸೆನ್ಸು, ಬ್ಯಾಂಕ್ ಖಾತೆ, ಶೆಡ್ಡಿನ ಕ್ರಯಪತ್ರ ಎಲ್ಲವೂ ಅವರ ಹೆಸರಿನಲ್ಲೇ ಇದ್ದುದು ಇಲ್ಲಿ ದೊಡ್ಡ ಸಹಾಯವಾಯಿತು. ಗಂಡನ ಅಥವಾ ಮಗನ ಹೆಸರಿನಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳು ಇಂಥದ್ದೊಂದು ದತ್ತಿ ಇಡಬೇಕೆಂದರೂ ಇಡಲಾರರು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಣಿಯಾಗಿ, ಆದಾಯ ತೆರಿಗೆ ವಿನಾಯಿತಿಯ ನೋಂದಣಿಯೂ ಆಗಿ, 2014ರಲ್ಲಿ 20 ಲಕ್ಷ ರೂಪಾಯಿಯ ಮೂಲಧನದಿಂದ ದತ್ತಿ ಆರಂಭವಾಯಿತು. ಆಗ ಠೇವಣಿಗೆ ಶೇ 9ರಷ್ಟು ಬಡ್ಡಿ ಸಿಗುತ್ತಿತ್ತು. ವರ್ಷಕ್ಕೆ 1,80,000 ರೂಪಾಯಿ. ಹನ್ನೆರಡು ಮಕ್ಕಳಿಗೆ ತಲಾ 15,000.

ಪದಗಳ ತೊಡಕು ಬಂದದ್ದು ಬೇಗ. ಉಯಿಲಿನಲ್ಲಿ ‘ಬಿಕಾಂ, ಬಿಬಿಎಂ ಓದುವ ಮಕ್ಕಳಿಗೆ’ ಎಂದಿತ್ತು. ಸ್ವಲ್ಪ ಕಾಲದಲ್ಲೇ ಬಿಬಿಎಂ ಎಂಬ ಹೆಸರೇ ಹೋಗಿ ಅದು ಬಿಬಿಎ ಆಯಿತು. ಬಿಬಿಎ ವಿದ್ಯಾರ್ಥಿಯ ಅರ್ಜಿಯನ್ನು ಒಪ್ಪಬಹುದೇ ಎಂದು ನಮ್ಮ ಲೆಕ್ಕಪರಿಶೋಧಕರು ಕೇಳಿದಾಗ ನಾವು ಮೂವರೂ ಸುಮ್ಮನಾದೆವು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 74ನೇ ಕಲಂ ಇದಕ್ಕೆ ದಾರಿ ತೋರಿಸಿತು: ಉಯಿಲಿನಲ್ಲಿ ಪಾರಿಭಾಷಿಕ ಪದಗಳೇ ಇರಬೇಕೆಂದಿಲ್ಲ, ಬರೆದವರ ಇಂಗಿತ ತಿಳಿಯುವಂತಿದ್ದರೆ ಸಾಕು. ಅದನ್ನು ನಡಾವಳಿಯಲ್ಲಿ ಬರೆದು ಸಹಿ ಮಾಡಿದೆವು. ಮುಂದೆ 2021ರಲ್ಲಿ ಹೊಸ ಶಿಕ್ಷಣ ನೀತಿಯಿಂದ ನಾಲ್ಕು ವರ್ಷದ ಪದವಿ ಬಂದಾಗಲೂ, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿದಾಗಲೂ ಇದೇ ನಡಾವಳಿ ಕೆಲಸಕ್ಕೆ ಬಂತು.

ಒಂದು ಹಾಳೆಯ ಜಮಾ-ಖರ್ಚು

ಮೂರನೆಯ ಷರತ್ತು ನನಗೆ ಮೊದಲು ವಿಚಿತ್ರವಾಗಿ ಕಂಡಿತ್ತು. ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಸಾಲದೇ ಎಂದು ಅಮ್ಮ ಇದ್ದಾಗಲೇ ಕೇಳಿದ್ದೆ. “ಸರ್ಟಿಫಿಕೇಟು ತಹಶೀಲ್ದಾರ್ರು ಕೊಡ್ತಾರೆ. ಮನೆ ಹೆಂಗೆ ನಡೀತದೆ ಅಂತ ಮಗು ಹೇಳಬೇಕು” ಎಂದಿದ್ದರು.

ಮೊದಲ ವರ್ಷಗಳ ಒಂದು ಹಾಳೆ ನನ್ನ ಬಳಿ ಇನ್ನೂ ಇದೆ. ಬಾಗೇಪಲ್ಲಿ ಕಡೆಯ ಹುಡುಗಿಯದು. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯನ್ನು ನಡುವೆ ಮಡಚಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದಿದ್ದಾಳೆ. ಎಡಗಡೆ ಡೈರಿಯ ಎರಡು ಬಟವಾಡೆ, ಅಮ್ಮನ ಕೂಲಿ, ಅಷ್ಟೇ. ಬಲಗಡೆ ಹಸುವಿನ ಬೂಸ, ಸಂಘದ ಕಂತು, ಚೀಟಿ, ಬತ್ತಿಹೋದ ಬೋರ್‌ವೆಲ್ಲಿನ ಸಾಲದ ಬಡ್ಡಿ, ಅಕ್ಕಿಯನ್ನು ಬಿಟ್ಟು ಉಳಿದ ದಿನಸಿ, ತನ್ನ ಬಸ್ ಚಾರ್ಜು. ಮೂರು ಕಡೆ ‘ಅಪ್ಪನ ಕೈಖರ್ಚು’ ಎಂದಿದೆ, ಮೂರು ಸಲವೂ 500 ರೂಪಾಯಿ, ವಿವರವಿಲ್ಲ. ಕೊನೆಯಲ್ಲಿ ಜಮಾಕ್ಕಿಂತ ಖರ್ಚು 1,140 ರೂಪಾಯಿ ಹೆಚ್ಚಾಗಿದ್ದು, ಅದರ ಎದುರು ‘ಅಂಗಡಿ ಉದ್ದರಿ’ ಎಂದು ಬರೆದು ಎರಡೂ ಕಡೆ ಸರಿದೂಗಿಸಿದ್ದಾಳೆ. ಜಮಾ-ಖರ್ಚಿನ ತತ್ವವನ್ನು ನಾನು ತರಗತಿಯಲ್ಲಿ ವಾರಗಟ್ಟಲೆ ಕಲಿಸುತ್ತಿದ್ದೆ. ಈ ಮಗುವಿಗೆ ಅದು ಅಂಗಡಿಯವನ ಮುಂದೆ ನಿಂತು ಬಂದಿತ್ತು. ಆ ಕೈಖರ್ಚಿನ ಬಗ್ಗೆ ನಾವು ಯಾರೂ ಕೇಳಲಿಲ್ಲ. ಹಣ ಮಾತ್ರ ತಂದೆಯ ಖಾತೆಗೆ ಹೋಗದೆ ಅವಳ ಸ್ವಂತ ಖಾತೆಗೇ ಹೋಗುವಂತೆ ನೋಡಿಕೊಂಡೆವು. ಆ ಹಾಳೆಯಿಂದಲೇ ಆ ನಿಯಮ ಹುಟ್ಟಿ ಎಲ್ಲ ಮಕ್ಕಳಿಗೂ ಅನ್ವಯವಾಯಿತು.

ಬೇಸಿಗೆಯ ಲೆಕ್ಕದ ಕೆಲಸವೂ ಅಷ್ಟೇ ಫಲ ಕೊಟ್ಟಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಶಿಡ್ಲಘಟ್ಟದ ಸಣ್ಣ ಘಟಕಗಳಲ್ಲಿ ಗೊಂದಲವಿತ್ತು. ಗೂಡಿಗೆ ತೆರಿಗೆ ಇಲ್ಲ, ಹುರಿ ಮಾಡದ ಕಚ್ಚಾ ರೇಷ್ಮೆಗೂ ಇಲ್ಲ, ಹುರಿ ಮಾಡಿದ ನೂಲಿಗೆ ಶೇ 5. ಒಂದೇ ಛಾವಣಿಯ ಕೆಳಗೆ ಬಿಚ್ಚಾಣಿಕೆಯನ್ನೂ ಹುರಿ ಯಂತ್ರವನ್ನೂ ಇಟ್ಟುಕೊಂಡವರು ಯಾವ ಬಿಲ್ಲನ್ನು ಹೇಗೆ ಬರೆಯಬೇಕು ಎಂಬುದನ್ನು ನಮ್ಮ ಇಬ್ಬರು ವಿದ್ಯಾರ್ಥಿಗಳು ಒಂದು ಘಟಕದಲ್ಲಿ ಕುಳಿತು ಬಿಡಿಸಿಕೊಟ್ಟರು. ಮರುವರ್ಷ ಆ ಮಾಲೀಕರೇ ‘ನಿಮ್ಮ ಮಕ್ಕಳನ್ನು ಕಳಿಸಿ’ ಎಂದು ಹೇಳಿ ಕಳಿಸಿದರು. ಪುಸ್ತಕದಲ್ಲಿ ಓದಿದ ವಿನಾಯಿತಿ ಮತ್ತು ತೆರಿಗೆಯ ವ್ಯತ್ಯಾಸ ಬೇಯುವ ಗೂಡಿನ ವಾಸನೆಯ ನಡುವೆ ಅರ್ಥವಾದ ಮೇಲೆ ಮರೆಯುವುದಿಲ್ಲ.

ಗೌರಿ ಹಬ್ಬದ ಗಡುವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೂಡಿನ ದುಡ್ಡನ್ನು ರೈತರಿಗೆ ತಡಮಾಡದೆ ಕೊಟ್ಟು ಬಾಳಿದವರು ಓದಿನ ದುಡ್ಡೂ ಹಾಗೆಯೇ ಸಲ್ಲಬೇಕೆಂದರು. ಎಷ್ಟೋ ವಿದ್ಯಾರ್ಥಿವೇತನಗಳು ಪರಿಶೀಲನೆ, ಆಧಾರ್ ಜೋಡಣೆ, ಮತ್ತೊಂದು ಪರಿಶೀಲನೆ ಎಂದು ಸಾಗಿ ಮಕ್ಕಳ ಕೈಗೆ ಸೇರುವ ಹೊತ್ತಿಗೆ ಫೀಸು ಸಾಲದಲ್ಲಿ ಕಟ್ಟಿ ಆಗಿರುತ್ತದೆ. ನಾವು ಠೇವಣಿ ಜೂನ್‌ನಲ್ಲಿ ಪಕ್ವವಾಗುವಂತೆ ಇಟ್ಟು ಆಗಸ್ಟ್ ಒಳಗೆ ಹಂಚುತ್ತಿದ್ದೆವು.

2020: ನಾವು ತಪ್ಪಿದ ವರ್ಷ

ರಿಸರ್ವ್ ಬ್ಯಾಂಕಿನ ರೆಪೋ ದರ, ಎಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, 2014ರ ಜನವರಿಯಲ್ಲಿ ಶೇ 8 ಇದ್ದದ್ದು 2020ರ ಮೇ ತಿಂಗಳಿಗೆ ಶೇ 4ಕ್ಕೆ ಇಳಿದಿತ್ತು. ಜೂನ್‌ನಲ್ಲಿ ಠೇವಣಿ ನವೀಕರಿಸಲು ಹೋದಾಗ ನಮಗೆ ಸಿಕ್ಕ ದರ ಶೇ 5.4. ಅಂದರೆ ವರ್ಷಕ್ಕೆ 1,08,000 ರೂಪಾಯಿ. ಹನ್ನೆರಡು ಮಕ್ಕಳ ಜಾಗದಲ್ಲಿ ಏಳು ಮಕ್ಕಳು, ಇಲ್ಲವೇ ಹನ್ನೆರಡೂ ಮಕ್ಕಳಿಗೆ ತಲಾ 9,000.

ಲಾಕ್‌ಡೌನ್ ಕಾರಣದಿಂದ ನಾವು ಫೋನಿನಲ್ಲೇ ಮಾತಾಡಿ ತೀರ್ಮಾನಿಸಿದೆವು. ಮಗಳು ಹಾಳೆಗಳನ್ನು ತರಿಸೋಣ ಎಂದರು. ಕಾಲೇಜು ಮುಚ್ಚಿರುವಾಗ, ಬಸ್ಸು ಇಲ್ಲದಿರುವಾಗ ಯಾರಿಂದ ತರಿಸುವುದು ಎಂದು ನಾನು ಅದನ್ನು ಬೇಡವೆಂದೆ. ಹಿಂದಿನ ವರ್ಷದ ಪಟ್ಟಿಯನ್ನೇ ಇಟ್ಟುಕೊಂಡು ಎಲ್ಲರಿಗೂ ಸಮನಾಗಿ 9,000 ಕೊಡುವುದೇ ನ್ಯಾಯ ಎಂಬುದು ನನ್ನ ವಾದವಾಗಿತ್ತು, ಅದೇ ಗೆದ್ದಿತು.

ಆ ಹನ್ನೆರಡರಲ್ಲಿ ಒಬ್ಬನ ಮನೆಯಲ್ಲಿ ಸರ್ಕಾರಿ ಸಂಬಳ ಬರಲು ಶುರುವಾಗಿ ಎಂಟು ತಿಂಗಳಾಗಿತ್ತು. ಅಣ್ಣನಿಗೆ ಕೆಲಸ ಸಿಕ್ಕಿತ್ತು. ಇನ್ನೊಬ್ಬಳ ಮನೆಯಲ್ಲಿ ತಂದೆಯ ಹೋಟೆಲು ಮಾರ್ಚ್‌ನಿಂದ ಮುಚ್ಚಿತ್ತು, ಆನ್‌ಲೈನ್ ತರಗತಿಗೆ ಬೇಕಾಗಿದ್ದ, ಮನೆಯಲ್ಲಿ ಇದ್ದ ಒಂದು ಫೋನನ್ನೂ ಮಾರಿದ್ದರು. ಇಬ್ಬರಿಗೂ 9,000. ಆ ವರ್ಷ ಇಬ್ಬರು ಓದು ನಿಲ್ಲಿಸಿದರು: ಈ ಹುಡುಗಿಗೆ ಮದುವೆಯಾಯಿತು, ಇನ್ನೊಬ್ಬ ಹುಡುಗ ಗೂಡು ಮಾರುಕಟ್ಟೆಯಲ್ಲಿ ಮೂಟೆ ಹೊರಲು ಸೇರಿದ. ಅವನನ್ನು ಅಲ್ಲಿ ಕಂಡು ನನಗೆ ಹೇಳಿದವರು ನಮ್ಮ ಮೂರನೆಯ ಟ್ರಸ್ಟಿ. ಒಂದೊಂದು ಹಾಳೆಯನ್ನು ತರಿಸಿ ಓದಿದ್ದರೆ, ಫೋನಿನಲ್ಲಿ ಓದಿಸಿಕೊಂಡಿದ್ದರೂ ಸಾಕಿತ್ತು, ಈ ಎರಡು ಮನೆಗಳ ಸ್ಥಿತಿ ನಮಗೆ ಕಾಣುತ್ತಿತ್ತು. ಅಮ್ಮ ಬರೆದಿಟ್ಟಿದ್ದ ಷರತ್ತನ್ನು ಅದು ಅತ್ಯಂತ ಅಗತ್ಯವಿದ್ದ ವರ್ಷವೇ ನಾನು ಬದಿಗಿಟ್ಟೆ. ಇದನ್ನು ಬರೆಯುವಾಗ ಇಂದಿಗೂ ಸಂಕಟವಾಗುತ್ತದೆ.

ಇನ್ನೊಂದು ತಪ್ಪು ನಮಗೆ ಗೊತ್ತಾಗಲು ಮತ್ತೆ ಒಂದು ವರ್ಷ ಬೇಕಾಯಿತು. ಬಡ್ಡಿ ಕುಸಿದಾಗ ಅಮ್ಮನ ‘ಬ್ಯಾಂಕ್ ಠೇವಣಿ ಮಾತ್ರ’ ಎಂಬ ಷರತ್ತನ್ನೇ ದೂರಿದೆವು. ಕೋರ್ಟಿಗೆ ಹೋಗಿ ಅದನ್ನು ಸಡಿಲಿಸಬಹುದೇ ಎಂದು ವಕೀಲರನ್ನೂ ಕೇಳಿದೆವು. ವಕೀಲರು ಉಯಿಲನ್ನು ಓದಿ, ಠೇವಣಿ ಎಷ್ಟು ವರ್ಷದ್ದು ಎಂದು ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ಎಲ್ಲೂ ಇರಲಿಲ್ಲ. ಬ್ಯಾಂಕುಗಳು ಹತ್ತು ವರ್ಷದವರೆಗಿನ ಠೇವಣಿಯನ್ನು ಸ್ವೀಕರಿಸುತ್ತವೆ. 2014ರಲ್ಲಿ ನಾವು ದೀರ್ಘಾವಧಿಗೆ ಇಟ್ಟಿದ್ದರೆ ಶೇ 8.5ರ ಲೆಕ್ಕದಲ್ಲಾದರೂ 2020ರಲ್ಲೂ 1,70,000 ರೂಪಾಯಿ ಬರುತ್ತಿತ್ತು, ಹನ್ನೊಂದು ಮಕ್ಕಳಿಗೆ ಪೂರ್ತಿ ಹಣ ಸಲ್ಲುತ್ತಿತ್ತು. ನಾವು ಪ್ರತಿ ಜೂನ್‌ನಲ್ಲಿ ಒಂದೊಂದು ವರ್ಷಕ್ಕೆ ನವೀಕರಿಸುತ್ತಾ ಬಂದಿದ್ದೆವು. ಬಡ್ಡಿದರದ ಅಪಾಯ ಎಂಬ ಪಾಠವನ್ನು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಅಮ್ಮನ ಷರತ್ತು ಮೂಲಧನವನ್ನು ಕಾಪಾಡಿತ್ತು. ಆದಾಯವನ್ನು ಕಾಪಾಡುವ ಕೆಲಸ ನಮ್ಮದಾಗಿತ್ತು.

ಬೆಲೆ ಏರಿಕೆಯ ಸಂಗತಿಯೂ ಇದೆ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ 15,000 ರೂಪಾಯಿಯ ಕೊಳ್ಳುವ ಶಕ್ತಿ ಹತ್ತು ವರ್ಷದಲ್ಲಿ ಸುಮಾರು 8,400ಕ್ಕೆ ಇಳಿಯುತ್ತದೆ. ಧರ್ಮಾರ್ಥ ಟ್ರಸ್ಟುಗಳು ತೆರಿಗೆ ವಿನಾಯಿತಿ ಉಳಿಸಿಕೊಳ್ಳಲು ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ವಿನಿಯೋಗಿಸಬೇಕು. ಉಳಿದ ಶೇ 15ನ್ನು ಮೂಲಧನಕ್ಕೆ ಸೇರಿಸಿಕೊಳ್ಳಬಹುದು. ನಾವು ಆ ಶೇ 15ನ್ನೂ ಹಂಚಿಬಿಡುತ್ತಿದ್ದೆವು. ಉಳಿಸಿದ್ದರೂ ಆರು ವರ್ಷಕ್ಕೆ ಅದು ಎರಡು ಲಕ್ಷದ ಒಳಗೇ ಇರುತ್ತಿತ್ತು, 2020ರ ಕುಸಿತವನ್ನು ತಡೆಯುವಷ್ಟು ಆಗುತ್ತಿರಲಿಲ್ಲ. ಆದರೂ ಆ ಹುಡುಗಿಗೆ ಒಂದು ಫೋನು ಕೊಡಿಸಲು ಸಾಕಾಗುತ್ತಿತ್ತು.

ಆಮೇಲೆ

2022ರಿಂದ ಮೂಲಧನವನ್ನು ನಾಲ್ಕು ನಾಲ್ಕು ಲಕ್ಷದ ಐದು ಠೇವಣಿಗಳಾಗಿ ಒಡೆದು, ಒಂದು ವರ್ಷದಿಂದ ಐದು ವರ್ಷದವರೆಗೆ ಬೇರೆ ಬೇರೆ ಅವಧಿಗೆ ಇಟ್ಟಿದ್ದೇವೆ. ಪ್ರತಿ ಜೂನ್‌ನಲ್ಲಿ ಒಂದು ಪಕ್ವವಾಗುತ್ತದೆ, ಅದನ್ನು ಮತ್ತೆ ಐದು ವರ್ಷಕ್ಕೆ ಇಡುತ್ತೇವೆ. 2023ರ ಫೆಬ್ರವರಿಗೆ ರೆಪೋ ದರ ಶೇ 6.5ಕ್ಕೆ ಏರಿದಾಗ ಪೂರ್ತಿ ಲಾಭ ನಮಗೆ ಸಿಗಲಿಲ್ಲ. 2025ರ ಫೆಬ್ರವರಿಯಿಂದ ಅದು ಇಳಿಯತೊಡಗಿದಾಗ ಪೂರ್ತಿ ಪೆಟ್ಟೂ ಬೀಳಲಿಲ್ಲ.

ಎಲ್ಲರಿಗೂ ಒಂದೇ ಮೊತ್ತ ಎಂಬುದನ್ನು ಕೈಬಿಟ್ಟಿದ್ದೇವೆ. ಹಾಳೆ ನೋಡಿ ಮೊತ್ತ ನಿರ್ಧರಿಸುತ್ತೇವೆ. ಹಾಳೆಗಳು ಊರಿನ ಬದಲಾವಣೆಯನ್ನೂ ತೋರಿಸುತ್ತವೆ. ರೈತರ ಮಕ್ಕಳ ಜಮಾ ಕಡೆ 2021ರಿಂದ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿಯ ಸಾಲು ಬಂತು. ಪದವಿಯಲ್ಲಿ ಹುಡುಗರಿಗೆ 5,000, ಹುಡುಗಿಯರಿಗೆ 5,500. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾದ ಮೇಲೆ ಹುಡುಗಿಯರ ಖರ್ಚಿನ ಕಡೆ ‘ಬಸ್ ಚಾರ್ಜು’ ಎಂಬ ಸಾಲು ಹೆಚ್ಚುಕಡಿಮೆ ಅಳಿಸಿಹೋಯಿತು, ಹುಡುಗರ ಹಾಳೆಯಲ್ಲಿ ಅದು ಇದ್ದೇ ಇದೆ. ಹೀಗೆ ಉಳಿದ ಹಣವನ್ನು ಎಂಬಿಎ ಪ್ರವೇಶ ಪರೀಕ್ಷೆಗೆ, ಸಿಎ ನೋಂದಣಿಗೆ ಹೊರಟ ಒಂದಿಬ್ಬರಿಗೆ ಹೆಚ್ಚಾಗಿ ಕೊಡಲು ಸಾಧ್ಯವಾಗಿದೆ. ಬಾಗೇಪಲ್ಲಿ ಕಡೆಯ ಆ ಹುಡುಗಿ ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದು, ಪ್ರತಿ ಬೇಸಿಗೆಯಲ್ಲಿ ಬಂದು ಹೊಸ ಮಕ್ಕಳಿಗೆ ಘಟಕದ ಪುಸ್ತಕ ಬರೆಯುವುದನ್ನು ಎರಡು ಭಾನುವಾರ ಹೇಳಿಕೊಡುತ್ತಾಳೆ. ಮೂಟೆ ಹೊರಲು ಸೇರಿದ ಹುಡುಗನನ್ನು ನಾನು ಎರಡು ಸಲ ಹೋಗಿ ಮಾತಾಡಿಸಿದ್ದೇನೆ. ಅವನು ಓದಿಗೆ ಮರಳಲಿಲ್ಲ.

ಈ ವರ್ಷದ ಅರ್ಜಿಗಳು ಮಗಳ ಮನೆಯ ಮೇಜಿನ ಮೇಲೆ, ಅಮ್ಮ ನೂಲಿನ ಲಡಿಗಳನ್ನು ಕಟ್ಟುತ್ತಿದ್ದ ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿವೆ. ಒಂದರಲ್ಲಿ ‘ಚೀಟಿ 2,000’ ಎಂದು ಬರೆದು, ಹೊಡೆದು ಹಾಕಿ, ಕೆಳಗೆ ಮತ್ತೆ ಅದನ್ನೇ ಬರೆದಿದೆ. ಹೊಡೆದದ್ದು ಏಕೆ, ಮತ್ತೆ ಬರೆದದ್ದು ಏಕೆ ಎಂದು ಆ ಮಗುವನ್ನು ಕೇಳಬೇಕು. ಭಾನುವಾರ ಮೂವರೂ ಕೂರುತ್ತೇವೆ.